ಓಡಿಸದೆ ಉಳಿಸಿದ ಕಾರು: 1978ರ ಕಾರ್ವೆಟ್ ಪೇಸ್ ಕಾರಿನ ಪ್ರಕರಣ

ಈ ಕಾರಿನಲ್ಲಿ ನಾನು ಮೊದಲು ಹುಡುಕುವುದು ಎಂಜಿನ್ ಅಲ್ಲ, ಒಂದು ಡಬ್ಬಿ. ಸೀಟಿನ ಹಿಂದೆ, ದೊಡ್ಡ ಬಾಗಿದ ಗಾಜಿನ ಕೆಳಗಿನ ಜಾಗದಲ್ಲಿ ಅದು ಇರಬೇಕು. ಆ ಗಾಜು ತೆರೆಯುವುದಿಲ್ಲ. ಸೀಟನ್ನು ಮುಂದಕ್ಕೆ ಬಗ್ಗಿಸಿ, ಒಳಗೆ ಕೈ ಚಾಚಿ ಎಳೆದುಕೊಳ್ಳಬೇಕು. ಡಬ್ಬಿಯಲ್ಲಿ ಬಾಗಿಲಿಗೆ ಅಂಟಿಸುವ ದೊಡ್ಡ ಅಕ್ಷರಗಳಿವೆ: 62ನೇ ಇಂಡಿಯಾನಾಪೊಲಿಸ್ 500 ಮೈಲಿ ರೇಸಿನ ಅಧಿಕೃತ ಪೇಸ್ ಕಾರು, ಮೇ 28, 1978. ಕಂಪನಿ ಇವನ್ನು ಅಂಟಿಸಿ ಕಳಿಸಲಿಲ್ಲ. ಬೇಕಿದ್ದವರು ಅಂಟಿಸಿಕೊಳ್ಳಲಿ ಅಂತ ಕಾರಿನ ಜೊತೆ ಕೊಟ್ಟಿತು. ಅಂಟಿಸದೆ ಹಾಗೇ ಎತ್ತಿಟ್ಟವರು ಬಹಳ ಜನ.

ಡಬ್ಬಿ ಹಾಗೇ ಇದೆ ಎಂದರೆ ಕಾರೂ ಹಾಗೇ ಇರಬಹುದು. ಹಾಗಾದರೆ ಅದು ಒಳ್ಳೆಯದೇ ಅಲ್ವಾ? ನಲವತ್ತೈದು ವರ್ಷ ಯಾರೂ ಮುಟ್ಟದ ಕಾರು. ಬಣ್ಣ ಕಾರ್ಖಾನೆಯದು, ಸೀಟು ಕಾರ್ಖಾನೆಯದು, ಟೈರಲ್ಲಿರುವ ಗಾಳಿ ಕೂಡ ಹಳೆಯದೇ ಇರಬಹುದು. ಈ ಪ್ರಕರಣದಲ್ಲಿ ನಾನು ನೋಡಹೊರಟಿರುವುದು ಅದನ್ನೇ. ಒಂದು ಕಾರನ್ನು ದುಡ್ಡಿನ ಆಸೆಗೆ ಬೀಗ ಹಾಕಿ ಇಟ್ಟರೆ ಏನು ಉಳಿಯುತ್ತದೆ, ಏನು ಹಾಳಾಗುತ್ತದೆ, ಈಗ ಅದು ಕೈಗೆ ಬಂದರೆ ಏನು ಮಾಡಬೇಕು.

ಹಿನ್ನೆಲೆ

ಪೇಸ್ ಕಾರು ಎಂದರೆ ರೇಸ್ ಶುರುವಾಗುವ ಮೊದಲು ಎಲ್ಲ ರೇಸ್ ಕಾರುಗಳನ್ನು ಸಾಲಾಗಿ ಸುತ್ತು ಹೊಡೆಸಿಕೊಂಡು ಬರುವ ಕಾರು. ಅದು ಪಕ್ಕಕ್ಕೆ ಸರಿದ ಮೇಲೆ ಹಸಿರು ಬಾವುಟ. ಅಮೆರಿಕದಲ್ಲಿ ಇಂಡಿಯಾನಾಪೊಲಿಸ್ ರೇಸಿಗೆ ಪೇಸ್ ಕಾರಾಗುವುದು ಯಾವ ಕಂಪನಿಗಾದರೂ ದೊಡ್ಡ ಮರ್ಯಾದೆ. ಶೆವರ್ಲೆ ಕಂಪನಿಯ ಕಾರ್ವೆಟ್‌ಗೆ ಆ ಅವಕಾಶ ಮೊದಲ ಸಲ ಸಿಕ್ಕಿದ್ದು 1978ರಲ್ಲಿ. ಅದೇ ವರ್ಷ ಕಾರ್ವೆಟ್‌ಗೆ 25 ತುಂಬಿತ್ತು. ಟ್ರ್ಯಾಕ್ ಮೇಲೆ ಅದನ್ನು ಓಡಿಸಿದವರು ಜಿಮ್ ರಾತ್‌ಮನ್, 1960ರಲ್ಲಿ ಅದೇ ರೇಸ್ ಗೆದ್ದವರು. ಆ ದಿನ ಗೆದ್ದದ್ದು ಆಲ್ ಅನ್ಸರ್, ಅವರಿಗದು ಮೂರನೇ ಗೆಲುವು.

ರೇಸಿನ ನೆನಪಿಗೆ ಅದೇ ರೂಪದ ಕಾರುಗಳನ್ನು ಜನರಿಗೂ ಮಾರುವುದು ಎಂದು ಕಂಪನಿ ನಿರ್ಧರಿಸಿತು. ಮೇಲೆ ಕಪ್ಪು, ಕೆಳಗೆ ಬೆಳ್ಳಿ ಬಣ್ಣ, ನಡುವೆ ಒಂದು ತೆಳು ಕೆಂಪು ಗೆರೆ. ಮುಂದೆ, ಹಿಂದೆ ಸ್ಪಾಯ್ಲರ್. ಮಿಶ್ರಲೋಹದ ಚಕ್ರದ ಅಂಚಿಗೂ ಕೆಂಪು ಗೆರೆ. ತೆಗೆದಿಡಬಹುದಾದ ಗಾಜಿನ ಮಾಡು. ಒಳಗೆ ಬೆಳ್ಳಿ ಬಣ್ಣದ ಹೊಸ ಸೀಟು. ಆ ಸೀಟು ಮರುವರ್ಷ ಎಲ್ಲ ಕಾರ್ವೆಟ್‌ಗೂ ಬಂತು.

ಆದರೆ ಎಷ್ಟು ಮಾಡಬೇಕು? ಎಲ್ಲ ಗೊಂದಲ ಶುರುವಾಗಿದ್ದು ಇಲ್ಲಿ. ಮೊದಲ ಯೋಚನೆ 300. 1953ರಲ್ಲಿ ಮೊಟ್ಟಮೊದಲ ಕಾರ್ವೆಟ್‌ಗಳನ್ನು ಮಾಡಿದ್ದೂ ಅಷ್ಟೇ. ಆಮೇಲೆ ಕಾರ್ವೆಟ್‌ನ 25 ವರ್ಷಕ್ಕೆ, ವರ್ಷಕ್ಕೆ 100ರಂತೆ 2,500 ಎಂಬ ಮಾತು ಬಂತು. ಕೊನೆಗೆ ದೇಶದ ಪ್ರತಿ ಡೀಲರಿಗೂ ಒಂದಾದರೂ ಸಿಗಲಿ ಎಂದಾಯಿತು. ತಯಾರಾಗಿದ್ದು 6,502 ಕಾರು. ಆ ವರ್ಷದ ಎಲ್ಲ ಕಾರ್ವೆಟ್ ಸೇರಿ 46,776. ಅಂದರೆ ಏಳಕ್ಕೆ ಒಂದು ಪೇಸ್ ಕಾರು. ಏಳಕ್ಕೆ ಒಂದು ಇರುವುದನ್ನು ಅಪರೂಪ ಅಂತ ಹೇಗೆ ಹೇಳುವುದು?

ಆಗ ಯಾರೂ ಈ ಲೆಕ್ಕ ಹಾಕಲಿಲ್ಲ. 1978ರ ಮಾರ್ಚ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಮೊದಲ ಪುಟದಲ್ಲೇ ಈ ಕಾರಿನ ಸುದ್ದಿ ಹಾಕಿತು. ಕೊಳ್ಳಲು ಜನ ಮುಗಿಬೀಳುತ್ತಿದ್ದಾರೆ, ಓಡಿಸುವ ಮನಸ್ಸು ಮಾತ್ರ ಹೆಚ್ಚು ಮಂದಿಗಿಲ್ಲ ಎನ್ನುವುದು ಅದರ ಸಾರ. ಷೇರು, ಬಂಡವಾಳ ಅಂತ ದಿನಾ ಯೋಚಿಸುವವರ ಕಣ್ಣಿಗೆ ಒಂದು ಕಾರು ಬಿತ್ತು. ನಿಗದಿಯಾಗಿದ್ದ ಬೆಲೆ 13,653 ಡಾಲರ್ 21 ಸೆಂಟ್. ಆ ವರ್ಷದ ಸಾಮಾನ್ಯ ಕಾರ್ವೆಟ್ ಬೆಲೆ 9,351 ಡಾಲರ್‌ನಿಂದ ಶುರು. ಡೀಲರುಗಳು ನಿಗದಿ ಬೆಲೆಯ ಮೇಲೆ ಸಾವಿರಗಟ್ಟಲೆ ಏರಿಸಿ ಕೇಳಿದರು, ಜನ ಕೊಟ್ಟರು. ರೇಸ್ ನಡೆಯುವ ಮುಂಚೆಯೇ ಈ ಕಾರಿನ ಮುಂದಿನ ಬೆಲೆ ಎಷ್ಟು ಎಂಬ ಮಾತು ಜೋರಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಅವರನ್ನು ಮೂರ್ಖರು ಅಂತ ಕರೆಯಲು ನನಗೆ ಮನಸ್ಸಿಲ್ಲ. ಆ ಕಾಲ ಹಾಗಿತ್ತು. 1973ರ ತೈಲ ಬಿಕ್ಕಟ್ಟು ಎಲ್ಲರಿಗೂ ನೆನಪಿತ್ತು. ಹೊಗೆ ನಿಯಮ ಬಿಗಿಯಾಗಿತ್ತು. ಕಂಪನಿಯ ಎಲ್ಲ ಕಾರುಗಳ ಸರಾಸರಿ ಮೈಲೇಜ್ ಇಷ್ಟಿರಲೇಬೇಕು ಎಂಬ ಕಾನೂನು ಜಾರಿಗೆ ಬಂದಿದ್ದೂ 1978ರ ಮಾದರಿಗಳಿಂದಲೇ. 1975ರ ನಂತರ ಕಾರ್ವೆಟ್‌ನ ತೆರೆದ ಮಾಡಿನ ಮಾದರಿ ನಿಂತುಹೋಗಿತ್ತು. ಇನ್ನು ಮುಂದೆ ಇಂಥ ಕಾರು ಬರುವುದೇ ಇಲ್ಲ ಎಂದು ಜನ ನಿಜವಾಗಿ ನಂಬಿದ್ದರು. 1976ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊದ ತೆರೆದ ಮಾದರಿ ಇದೇ ಕೊನೆಯದು ಎಂಬ ಹೆಸರಲ್ಲಿ ಮಾರಾಟವಾಯಿತು. ಅದನ್ನೂ ಕೊಂಡು ಮುಚ್ಚಿಟ್ಟರು. 1984ಕ್ಕೆ ಅದು ಮತ್ತೆ ಬಂತು. ಮುಚ್ಚಿಟ್ಟವರು ಮೋಸ ಹೋದೆವೆಂದು ಕೋರ್ಟಿಗೆ ಹೋದರು.

ದುಡ್ಡಿನ ಲೆಕ್ಕ

ಇದನ್ನು ಬೇಗ ಮುಗಿಸುತ್ತೇನೆ. 1978ರ 13,653 ಡಾಲರ್ ಎಂದರೆ 2024ರ ಬೆಲೆಯೇರಿಕೆ ಲೆಕ್ಕದಲ್ಲಿ ಸುಮಾರು 65 ಸಾವಿರ ಡಾಲರ್. ಈ ಕಾರುಗಳು ಇವತ್ತು, ಒಳ್ಳೆಯ ಸ್ಥಿತಿಯಲ್ಲಿದ್ದರೂ, ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಗೇ ಹೋಗುತ್ತವೆ. ಡೀಲರಿಗೆ ಮೇಲೆ ಕೊಟ್ಟ ದುಡ್ಡು, ಗ್ಯಾರೇಜ್ ಬಾಡಿಗೆ, ವಿಮೆ ಇದರಲ್ಲಿ ಸೇರಿಲ್ಲ. ಎಲ್ಲರೂ ಕೂಡಿಟ್ಟರೆ ಅಪರೂಪವಾಗುವುದಾದರೂ ಹೇಗೆ? ಸಾಮಾನ್ಯ ಕಾರು ಓಡಿ ಸವೆದು ಗುಜರಿಗೆ ಹೋಗುತ್ತದೆ, ಉಳಿದ ನಾಲ್ಕಕ್ಕೆ ಬೆಲೆ ಬರುತ್ತದೆ. ಈ ಕಾರಿನ ವಿಷಯದಲ್ಲಿ ಉಳಿದದ್ದೇ ಜಾಸ್ತಿ.

ಅಂದುಕೊಂಡ ಲಾಭ ಬರಲಿಲ್ಲ. ಆದರೆ ಯಾರೂ ಅಂದುಕೊಳ್ಳದ ಇನ್ನೊಂದು ವಸ್ತು ಉಳಿಯಿತು. ನನಗೆ ಮುಖ್ಯ ಅದು.

ಉಳಿದದ್ದು ಏನು

ಈ ಕಾರುಗಳು ತಯಾರಾಗಿದ್ದು ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ. 1981ರಲ್ಲಿ ಕೆಲಸ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ಗೆ ಹೋಯಿತು, ಸೇಂಟ್ ಲೂಯಿಸ್‌ನಲ್ಲಿ ಕಾರ್ವೆಟ್ ತಯಾರಿಕೆ ನಿಂತಿತು. ಅಲ್ಲಿ ಹೊಡೆಯುತ್ತಿದ್ದದ್ದು ಲ್ಯಾಕರ್ ಬಣ್ಣ. ಕಾರಿನ ಮೈ ತಗಡಲ್ಲ, ಫೈಬರ್ ಗ್ಲಾಸ್. ಅದರ ತುಂಡುಗಳನ್ನು ಅಂಟಿಸಿ, ಉಜ್ಜಿ, ಬಣ್ಣ ಹೊಡೆಯುತ್ತಿದ್ದರು.

ಮುಟ್ಟದೆ ಉಳಿದ ಒಂದು ಪೇಸ್ ಕಾರಿನ ಪಕ್ಕ ಬಗ್ಗಿ, ಬೆಳಕನ್ನು ಓರೆಯಾಗಿ ಹಿಡಿದು ನೋಡಿ. ಕಪ್ಪು ಬಣ್ಣ ಕನ್ನಡಿಯಂತಿಲ್ಲ. ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ. ಅಂಟಿಸಿದ ಕೂಡುಗೆರೆ ಕೆಲವು ಕಡೆ ತೆಳುವಾಗಿ ಮೇಲೆದ್ದು ಕಾಣುತ್ತದೆ. ಬಾಗಿಲ ಸಂದು ಮೇಲೆ ಒಂದು ಅಗಲ, ಕೆಳಗೆ ಒಂದು ಅಗಲ. ಬಾನೆಟ್ ಎತ್ತಿದರೆ ಮೂಲೆಗಳಲ್ಲಿ ಬಣ್ಣದ ತುಂತುರು ಹಾರಿ ಕೂತಿದೆ. ಚಾಸಿಯ ಮೇಲೆ ಕ್ರೇಯಾನ್‌ನಲ್ಲಿ ಯಾರೋ ಬರೆದ ಅಂಕಿ, ಬಿಗಿ ಮಾಡಿದ ಬೋಲ್ಟಿನ ಮೇಲೆ ತಪಾಸಣೆಯವರು ಇಟ್ಟ ಬಣ್ಣದ ಬೊಟ್ಟು. ಸಾಲಿನಲ್ಲಿ ನಿಂತು ದಿನವಿಡೀ ದುಡಿದ ಕೆಲಸಗಾರನ ಕೈ ಗುರುತು ಅದು. ನನಗಂತೂ ಅದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಇದು ಯಾಕೆ ಮುಖ್ಯ ಎಂದರೆ, ಹಳೆ ಕಾರನ್ನು ಬಿಚ್ಚಿ ಹೊಸದು ಮಾಡುವಾಗ ಮೊದಲು ಅಳಿಸಿಹೋಗುವುದು ಇವೇ. ಕೆಲಸ ಚೆನ್ನಾಗಿ ಮಾಡಬೇಕು ಎಂಬ ಹುಮ್ಮಸ್ಸಿನಲ್ಲಿ ಕಾರ್ಖಾನೆ ಎಂದೂ ಕೊಡದ ಹೊಳಪು ಕೊಡುತ್ತಾರೆ. ಸಂದುಗಳನ್ನು ಸರಿ ಮಾಡುತ್ತಾರೆ. ನೋಡಲು ಚೆಂದ, ಆದರೆ 1978ರ ಕಾರ್ವೆಟ್ ಹಾಗಿರಲಿಲ್ಲ. ಅಮೆರಿಕದ ಕಾರ್ವೆಟ್ ಪ್ರೇಮಿಗಳು 1974ರಲ್ಲಿ ಕಟ್ಟಿದ ರಾಷ್ಟ್ರೀಯ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿಯ ತೀರ್ಪುಗಾರರು ನೋಡುವುದೂ ಹೊಳಪನ್ನಲ್ಲ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗಿದೆಯೇ ಎನ್ನುವುದನ್ನು. ಅತಿಯಾಗಿ ಚೆಂದ ಮಾಡಿದರೂ ಅಂಕ ಹೋಗುತ್ತದೆ. ಹೇಗಿತ್ತು ಎಂದು ತಿಳಿಯಲು ಅವರಿಗೆ ಒಂದು ಸಾಕ್ಷಿ ಬೇಕಲ್ಲ. ಮುಟ್ಟದೆ ಉಳಿದ ಪೇಸ್ ಕಾರು ಅಂಥ ಸಾಕ್ಷಿ. ಲಾಭಕ್ಕೆ ಅಂತ ಬೀಗ ಹಾಕಿದವರು ಗೊತ್ತಿಲ್ಲದೆ ಒಂದು ಕಾರ್ಖಾನೆಯ ಕೈಕೆಲಸವನ್ನು ಕಾಪಾಡಿಟ್ಟರು.

ಅಸಲಿ ಯಾವುದು ಎಂದು ಗುರುತಿಸುವುದೂ ಇಲ್ಲೇ ಹೇಳಿಬಿಡುತ್ತೇನೆ. ಕಪ್ಪು ಬೆಳ್ಳಿ ಬಣ್ಣ ಯಾರು ಬೇಕಾದರೂ ಹೊಡೆಸಬಹುದು. ಅಕ್ಷರಗಳು ಅಂಗಡಿಯಲ್ಲಿ ಸಿಗುತ್ತವೆ. ಆದರೆ ಮುಂದಿನ ಗಾಜಿನ ಎಡಗಂಬದ ಹತ್ತಿರದ ತಗಡಿನಲ್ಲಿ ಕಾರಿನ ನಂಬರ್ ಇದೆ. ಅದರ ಕೊನೆಯ ಆರು ಅಂಕಿ ನೋಡಿ. ಪೇಸ್ ಕಾರಿನದು 900001ರಿಂದ 906502ರ ಒಳಗೆ ಇರಬೇಕು. ಆ ವರ್ಷದ ಬೇರೆ ಕಾರ್ವೆಟ್‌ಗಳದು 4ರಿಂದ ಶುರುವಾಗುತ್ತದೆ. ಪೂರ್ತಿ ನಂಬರಿನ ಅಕ್ಷರ, ಅಂಕಿಗಳಲ್ಲಿ ಮೊದಲಿನಿಂದ ಐದನೆಯದು 4 ಆಗಿದ್ದರೆ ಎಂಜಿನ್ ಎಲ್-82, ಎಲ್ ಅಕ್ಷರ ಇದ್ದರೆ ಎಲ್-48. ಎರಡೂ 5.7 ಲೀಟರಿನ ವಿ-8. ಮೊದಲನೆಯದು 220 ಅಶ್ವಶಕ್ತಿ, ಎರಡನೆಯದು 185. ಎಂಜಿನ್ ಬ್ಲಾಕಿನ ಮುಂಭಾಗದಲ್ಲಿ ಕುಟ್ಟಿದ ಅಂಕಿಗಳು ಕಾರಿನ ನಂಬರಿಗೆ ಹೊಂದಬೇಕು. ಇನ್ನೊಂದು ಸಾಕ್ಷಿ ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸಿದ ಕಾಗದ. ಆ ಕಾರಿಗೆ ಏನೇನು ಹಾಕಬೇಕು ಎಂದು ಕಾರ್ಖಾನೆ ಅಚ್ಚು ಹಾಕಿಸಿದ ಚೀಟಿ ಅದು. ಟ್ಯಾಂಕ್ ಇಳಿಸದೆ ಪೂರ್ತಿ ಕಾಣುವುದಿಲ್ಲ. ಹಾಗಾಗಿ ಮೋಸ ಮಾಡುವವರ ಕೈಗೂ ಸುಲಭವಾಗಿ ಸಿಗುವುದಿಲ್ಲ.

220 ಅಶ್ವಶಕ್ತಿಗೆ ಇಷ್ಟೊಂದು ಮಾತೇ ಎಂದು ಕೇಳುವವರಿದ್ದಾರೆ. 1970ರ ಕಾರ್ವೆಟ್‌ನ ಇಷ್ಟೇ ದೊಡ್ಡ ಎಂಜಿನ್ 370 ಎಂದು ಹೇಳಿಕೊಳ್ಳುತ್ತಿತ್ತು. ಆದರೆ ಅಳೆಯುವ ರೀತಿಯೇ ಬೇರೆ. ಆಗ ಬರೀ ಎಂಜಿನ್ ಅಳೆಯುತ್ತಿದ್ದರು. 1972ರಿಂದ ಫ್ಯಾನು, ಸೈಲೆನ್ಸರು ಎಲ್ಲ ಸೇರಿಸಿ, ಕಾರಿನಲ್ಲಿ ಇರುವಂತೆಯೇ ಅಳೆದರು. ಸೀಸವಿಲ್ಲದ ಪೆಟ್ರೋಲಿಗೆ ಹೊಂದಲಿ ಎಂದು ಎಂಜಿನ್ನಿನ ಕಂಪ್ರೆಷನ್ ಇಳಿಸಿದ್ದರು. 1975ರಿಂದ ಹೊಗೆ ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರ್ ಬಂತು. ಅಷ್ಟೆಲ್ಲ ಕಟ್ಟುಪಾಡಿನ ನಡುವೆಯೂ ಎಲ್-82ರ ಒಳಗೆ ಬಡಿದು ತಯಾರಿಸಿದ ಉಕ್ಕಿನ ಕ್ರ್ಯಾಂಕ್ ಇಟ್ಟರು, ಅದನ್ನು ಹಿಡಿಯಲು ನಾಲ್ಕು ಬೋಲ್ಟಿನ ಬೇರಿಂಗ್ ಕ್ಯಾಪ್ ಇಟ್ಟರು. ಆ ಎಂಜಿನಿಯರುಗಳ ಮೇಲೆ ನನಗೆ ಗೌರವ ಜಾಸ್ತಿ.

ಒಳಗೆ ಹಾಳಾದದ್ದು

ಕೂತ ಕಾರು ನೋಡಲು ಹೊಸದು. ಒಳಗೆ ಹಾಗಲ್ಲ. ಮನೆಯ ಬೀರುವಿನಲ್ಲಿ ರೇಷ್ಮೆ ಸೀರೆ ಇಟ್ಟವರಿಗೆ ಇದು ಗೊತ್ತು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬಿಟ್ಟರೆ ಸೀರೆ ಮಡಿಕೆಯಲ್ಲೇ ಸೀಳುತ್ತದೆ. ಅದಕ್ಕೇ ಅಜ್ಜಿಯಂದಿರು ಆಗಾಗ ತೆಗೆದು, ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡುತ್ತಾರೆ.

ಈ ಕಾರಿನ ಮಡಿಕೆ ಬ್ರೇಕು. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್ ಇದೆ. ಡಿಸ್ಕನ್ನು ಅದುಮಿ ಹಿಡಿಯುವ ಭಾಗ ಕ್ಯಾಲಿಪರ್; ಪ್ರತಿ ಚಕ್ರದ ಕ್ಯಾಲಿಪರ್‌ನಲ್ಲಿ ನಾಲ್ಕು ಪಿಸ್ಟನ್. ಹೊಸದರಲ್ಲಿ ತುಂಬಾ ಒಳ್ಳೆಯ ಬ್ರೇಕ್. ಆದರೆ ಬ್ರೇಕ್ ಎಣ್ಣೆಗೆ ಗಾಳಿಯ ತೇವ ಹೀರುವ ಗುಣವಿದೆ. ಕಾರು ನಿಂತೇ ಇದ್ದರೆ ಆ ನೀರು ಕ್ಯಾಲಿಪರ್ ಒಳಗಿನ ಎರಕದ ಕಬ್ಬಿಣವನ್ನು ತಿನ್ನುತ್ತದೆ. ನುಣುಪಾಗಿರಬೇಕಾದ ಗೋಡೆಯಲ್ಲಿ ಸಣ್ಣ ಗುಳಿ ಬೀಳುತ್ತವೆ. ಪಿಸ್ಟನ್ನಿನ ರಬ್ಬರ್ ತುಟಿ ಆ ಗುಳಿಯ ಮೇಲೆ ಕೂತಾಗ ಎಣ್ಣೆ ಜಿನುಗುತ್ತದೆ, ಗಾಳಿ ಒಳಗೆ ಸೇರುತ್ತದೆ. ಒಟ್ಟು ಹದಿನಾರು ಪಿಸ್ಟನ್. ಒಂದು ಕೆಟ್ಟರೂ ಪೆಡಲ್ ನೆಲಕ್ಕೆ ಹೋಗಬಹುದು. ದಿನಾ ಓಡುವ ಕಾರಿಗಿಂತ ಕೂತ ಕಾರಿಗೆ ಈ ತೊಂದರೆ ಜಾಸ್ತಿ.

ಆಮೇಲೆ ಹೆಡ್‌ಲೈಟ್. ಬಾನೆಟ್ ಒಳಗೆ ಅಡಗಿದ್ದು, ಬೇಕಾದಾಗ ಮೇಲೇಳುವ ದೀಪಗಳಿವು. ಏಳಿಸಲು ಮೋಟರ್ ಇಲ್ಲ. ಎಂಜಿನ್ ಗಾಳಿ ಎಳೆಯುವ ಸೆಳೆತವನ್ನು ರಬ್ಬರ್ ಕೊಳವೆಗಳಲ್ಲಿ ತಂದು ದೀಪ ಎತ್ತುತ್ತಾರೆ. ರಬ್ಬರ್ ಒಣಗಿ ಬಿರುಕು ಬಿಟ್ಟರೆ ಸೆಳೆತ ಸೋರುತ್ತದೆ. ಒಂದು ದೀಪ ಎದ್ದಿರುತ್ತದೆ, ಇನ್ನೊಂದು ಅರ್ಧಕ್ಕೆ ನಿಂತಿರುತ್ತದೆ, ನಿದ್ದೆಯಿಂದ ಎದ್ದ ಮಗು ಒಂದು ಕಣ್ಣು ಬಿಟ್ಟ ಹಾಗೆ.

ಪೆಟ್ರೋಲನ್ನು ಗಾಳಿಗೆ ಬೆರೆಸುವ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ ಒಳಗೆ ಹಳೆ ಪೆಟ್ರೋಲ್ ಆರಿ ಅಂಟಾಗಿದೆ. ಕ್ರ್ಯಾಂಕಿನ ಹಿಂದಿನ ಸೀಲು ಗಟ್ಟಿಯಾಗಿದೆ. ಟೈರಿನ ತಳ ಚಪ್ಪಟೆಯಾಗಿದೆ. ಏರ್ ಕ್ಲೀನರ್ ಒಳಗೆ ಇಲಿ ಗೂಡು ಕಟ್ಟಿರಬಹುದು. ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿದ್ದರೆ ಇನ್ನೂ ಕಷ್ಟ. ನೆಲದಿಂದ ಏಳುವ ತೇವ ಹೊದಿಕೆಯೊಳಗೇ ಉಳಿಯುತ್ತದೆ. ಫೈಬರ್ ಮೈಗೆ ತುಕ್ಕಿಲ್ಲ, ನಿಜ. ಆದರೆ ಗಾಜಿನ ಸುತ್ತ, ಬಾಗಿಲ ಸುತ್ತ ಒಳಗಿರುವ ಹಂದರ ಉಕ್ಕಿನದು. ಅದು ಹೊರಗೆ ಕಾಣದೆ ತುಕ್ಕು ಹಿಡಿಯುತ್ತದೆ. ಅದನ್ನು ನೋಡದೆ ಈ ಕಾರಿಗೆ ಯಾರೂ ದುಡ್ಡು ಕೊಡಬಾರದು.

ಏನು ಮಾಡುವುದು

ಇಲ್ಲಿ ಎರಡು ಪಕ್ಷ ಇವೆ. ಹಾಗೇ ಬಿಡಿ, ಮುಟ್ಟಿದರೆ ಅಸಲಿತನ ಹೋಯಿತು ಎನ್ನುವವರು ಕೆಲವರು. ಪೂರ್ತಿ ಬಿಚ್ಚಿ ಹೊಸದು ಮಾಡಿ ಎನ್ನುವವರು ಕೆಲವರು. ನಾನು ಎರಡನ್ನೂ ಒಪ್ಪುವುದಿಲ್ಲ. ಕಣ್ಣಿಗೆ ಕಾಣುವುದನ್ನು ಮುಟ್ಟಬಾರದು. ದ್ರವ ಹರಿಯುವುದನ್ನು, ರಬ್ಬರಿನದ್ದನ್ನು, ಪ್ರಾಣಕ್ಕೆ ಸಂಬಂಧಿಸಿದ್ದನ್ನು ಸರಿ ಮಾಡಲೇಬೇಕು.

ಮೊದಲು ಫೋಟೋ. ಒಂದು ಬೋಲ್ಟ್ ಬಿಚ್ಚುವ ಮುಂಚೆ ಇಡೀ ಕಾರಿನದು, ಅಡಿಭಾಗ ಸೇರಿಸಿ. ಕ್ರೇಯಾನ್ ಗುರುತುಗಳನ್ನು ಬಟ್ಟೆಯಲ್ಲಿ ಒರೆಸಕೂಡದು. ಒಂದು ಸಲ ಸಾಬೂನು ನೀರು ಬಿದ್ದರೆ ಅದು ಹೋಯಿತು ಎಂದೇ ಲೆಕ್ಕ.

ಎಂಜಿನ್ ಏಳಿಸುವಾಗ ಅವಸರ ಬೇಡ. ಬ್ಯಾಟರಿ ಹಾಕಿ ಕೀ ತಿರುಗಿಸಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಅದೇ ಅಪಾಯ. ಎಣ್ಣೆಯೆಲ್ಲ ಕೆಳಗಿಳಿದು, ಬೇರಿಂಗು, ಸಿಲಿಂಡರು ಒಣಗಿವೆ. ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು ಕೆಲವು ದಿನ ನೆನೆಯಲು ಬಿಡಬೇಕು. ಆಮೇಲೆ ಎಂಜಿನ್ನನ್ನು ಕೈಯಲ್ಲೇ ನಿಧಾನ ತಿರುಗಿಸಬೇಕು. ಶೆವರ್ಲೆ ವಿ-8ರಲ್ಲಿ ಒಂದು ಅನುಕೂಲ ಇದೆ. ಡಿಸ್ಟ್ರಿಬ್ಯೂಟರ್ ಎತ್ತಿದರೆ ಅದರ ಕೆಳಗೆ ಆಯಿಲ್ ಪಂಪಿನ ದಂಡ ಸಿಗುತ್ತದೆ. ಅದಕ್ಕೆ ಸರಿಯಾದ ಉಪಕರಣ ಕೂಡಿಸಿ ಡ್ರಿಲ್ ಯಂತ್ರದಿಂದ ತಿರುಗಿಸಿದರೆ, ಎಂಜಿನ್ ತಿರುಗದೆಯೇ ಎಣ್ಣೆ ಮೇಲೇರುತ್ತದೆ. ವಾಲ್ವ್ ಮುಚ್ಚಳ ತೆಗೆದು ಕಾದು ನೋಡಿ. ಮೊದಲು ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಡ್ರಿಲ್ ಭಾರವಾಗುತ್ತದೆ, ಸದ್ದು ಇಳಿಯುತ್ತದೆ. ವಾಲ್ವನ್ನು ಒತ್ತುವ ರಾಕರ್ ತುದಿಯಲ್ಲಿ ಹೊಳೆಯುವ ಒಂದು ಹನಿ ಮೂಡುತ್ತದೆ. ಪಕ್ಕದ್ದರಲ್ಲಿ ಇನ್ನೊಂದು. ಹದಿನಾರು ರಾಕರುಗಳಲ್ಲೂ ಹನಿ ಕಂಡ ಮೇಲೆ ಮಾತ್ರ ಕೀ.

ಹಳೆ ಪೆಟ್ರೋಲ್ ಪೂರ್ತಿ ಹೊರಗೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಆ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಕೊಳವೆ, ಪಂಪಿನ ಡಯಾಫ್ರಂ, ಕಾರ್ಬ್ಯುರೇಟರಿನ ರಬ್ಬರು ಬದಲಿಸಬೇಕು. ಬ್ರೇಕ್ ಕ್ಯಾಲಿಪರ್‌ಗಳನ್ನು ಬಿಸಾಡುವುದು ಬೇಡ. ಒಳಗೋಡೆ ಕೊರೆದು ಸ್ಟೇನ್‌ಲೆಸ್ ಉಕ್ಕಿನ ತೆಳು ಕೊಳವೆ (ಸ್ಲೀವ್) ಕೂರಿಸುವ ಪದ್ಧತಿ ಇದೆ. ಹೊರಗಿನಿಂದ ಅದೇ ಹಳೆಯ ಕ್ಯಾಲಿಪರ್, ಅದೇ ಎರಕದ ಗುರುತು. ಒಳಗೆ ಮಾತ್ರ ಇನ್ನು ಗುಳಿ ಬೀಳದ ಲೋಹ. ಈ ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಪರಿಹಾರ ಇದು.

ಟೈರಿನ ವಿಷಯದಲ್ಲಿ ವಾದವೇ ಬೇಡ. 1978ರ ಟೈರ್ ಮೇಲೆ ಯಾರೂ ರಸ್ತೆಗೆ ಇಳಿಯಬಾರದು, ನೋಡಲು ಎಷ್ಟೇ ಹೊಸದಿರಲಿ. ಹಳೆಯ ಟೈರ್ ಎತ್ತಿಟ್ಟು ಹೊಸದು ಹಾಕಿಸಿ. ಪ್ರದರ್ಶನಕ್ಕೆ ಬೇಕಾದಾಗ ಹಳೆಯದು ಹಾಕಬಹುದು.

ಇಷ್ಟಾದ ಮೇಲೆ ಕಾರು ತಿಂಗಳಿಗೊಂದು ಸಲವಾದರೂ ಓಡಬೇಕು. ಬರೀ ನಿಲ್ಲಿಸಿ ಎಂಜಿನ್ ಓಡಿಸಿದರೆ ಸಾಲದು. ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ, ಗೇರು, ಹಿಂದಿನ ಬೇರಿಂಗು ಒಣಗೇ ಇರುತ್ತವೆ. ಅರ್ಧ ಗಂಟೆ ರಸ್ತೆಯ ಮೇಲೆ, ಎಲ್ಲ ಬಿಸಿಯಾಗುವ ತನಕ. ಮೈಲಿ ಏರುತ್ತದೆ ಅಂತ ಕೆಲವರಿಗೆ ಸಂಕಟ. ವರ್ಷಕ್ಕೆ ನೂರಿನ್ನೂರು ಮೈಲಿ ಏರಿದರೆ ಈ ಕಾರಿನಿಂದ ಏನೂ ಕಳೆಯುವುದಿಲ್ಲ. ಕುಟ್ಟಿದ ಅಂಕಿಗಳು, ಟ್ಯಾಂಕಿನ ಮೇಲಿನ ಚೀಟಿ, ಬೋಲ್ಟಿನ ಮೇಲಿನ ಬೊಟ್ಟು ಅಲ್ಲೇ ಇರುತ್ತವೆ.

ಆ ಡಬ್ಬಿಯ ವಿಷಯ. ಈಗಲಾದರೂ ಅಕ್ಷರಗಳನ್ನು ಬಾಗಿಲಿಗೆ ಅಂಟಿಸೋಣವೇ? ಬೇಡ. ಇಷ್ಟು ವರ್ಷದಲ್ಲಿ ಅಂಟು ಒಣಗಿರುತ್ತದೆ. ಹಿಂದಿನ ಕಾಗದ ಬಿಡಿಸಲು ಹೋದರೆ ಅಕ್ಷರ ಚೂರಾಗಬಹುದು, ಕೆಳಗಿನ ಲ್ಯಾಕರ್ ಬಣ್ಣಕ್ಕೂ ಏಟು. ಬಾಗಿಲಲ್ಲಿ ಅಕ್ಷರ ನೋಡುವ ಆಸೆ ಇದ್ದರೆ ಈಗ ಹೊಸದಾಗಿ ಮಾಡಿದ್ದು ಸಿಗುತ್ತದೆ, ಅದನ್ನು ಹಾಕಿ. ಹಳೆಯ ಡಬ್ಬಿ ಮತ್ತೆ ಸೀಟಿನ ಹಿಂದೆ, ಅದೇ ಜಾಗಕ್ಕೆ. ಅದರ ಪಕ್ಕ ಇನ್ನೊಂದು ಡಬ್ಬಿ ಇಡಿ. ಬದಲಿಸಿದ ಕೊಳವೆ, ಸೀಲು, ಡಯಾಫ್ರಂ, ಕ್ಲಿಪ್, ಒಂದೊಂದಕ್ಕೂ ಒಂದು ಚೀಟಿ ಕಟ್ಟಿ: ಎಲ್ಲಿಂದ ತೆಗೆದದ್ದು, ಯಾವ ದಿನ, ಯಾಕೆ.